ಐದಕ್ಕೆ ಎರಡು

ಮೂರು ದಶಕಗಳಿಗೂ ಹೆಚ್ಚು ಕಾಲ ಗಣಿತ ಬೋಧಿಸಿದ ನನಗೆ ಭಿನ್ನರಾಶಿಯ ಮರ್ಮವನ್ನು ತಿಳಿಸಿಕೊಟ್ಟವನು ಆರನೆಯ ತರಗತಿಯ ಒಬ್ಬ ಹುಡುಗ. ಅವನಿಗೆ ನಾನು ಸಲ್ಲಿಸಿದ ಗುರುದಕ್ಷಿಣೆ ಬೆತ್ತದ ಏಟು.

1984ನೆಯ ಇಸವಿ. ಕರಿಹಲಗೆಯ ಮೇಲೆ 1/2 + 1/3 ಎಂದು ಬರೆದು ಉತ್ತರ ಕೇಳಿದೆ. ಹಿಂದಿನ ಸಾಲಿನಿಂದ ಅವನು ಎದ್ದು "2/5 ಸಾರ್" ಎಂದ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದ. ತರಗತಿ ನಕ್ಕಿತು, ನಾನೂ ನಕ್ಕೆ. ಅವನು ಮಾತ್ರ ಕೂರಲಿಲ್ಲ.

"ಸಾರ್, ಮೊನ್ನೆ ಪರೀಕ್ಷೇಲಿ ನನಗೆ ಒಂದು ಪ್ರಶ್ನೆಗೆ ಎರಡಕ್ಕೆ ಒಂದು, ಇನ್ನೊಂದಕ್ಕೆ ಮೂರಕ್ಕೆ ಒಂದು ಬಂತು. ಒಟ್ಟು ಐದಕ್ಕೆ ಎರಡು ಅಂತ ನೀವೇ ಬರೆದಿದ್ದೀರಲ್ಲ!"

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಮೇಷ್ಟರ ಕೈಗೆ ಮೊದಲು ಸಿಗುವುದು ಬೆತ್ತ. "ಅಧಿಕಪ್ರಸಂಗಿ" ಎಂದು ಗದರಿ ಅವನ ಅಂಗೈಗೆ ಬಾರಿಸಿದೆ.

ಅಂದು ರಾತ್ರಿ ತಟ್ಟೆಯ ಮುಂದೆ ಕುಳಿತಾಗ ಹೊಳೆಯಿತು. ಅಂಕಗಳ ಲೆಕ್ಕದಲ್ಲಿ ಎರಡು ಅಂಕದ ಒಂದು ಇಡಿಯೂ ಮೂರು ಅಂಕದ ಇನ್ನೊಂದು ಇಡಿಯೂ ಸೇರಿ ಐದರ ಹೊಸ ಇಡಿಯಾಗುತ್ತದೆ. ಭಿನ್ನರಾಶಿಯ ಸಂಕಲನದಲ್ಲಾದರೋ ಎರಡು ಪಾಲುಗಳಿಗೂ ಇಡಿ ಒಂದೇ ಅಳತೆಯದು. ಹುಡುಗನ ಲೆಕ್ಕ ಸರಿಯಾಗಿತ್ತು. ಅದು ಬೇರೊಂದು ಪ್ರಶ್ನೆಯ ಉತ್ತರವಾಗಿತ್ತು, ಅಷ್ಟೇ.

ಮರುದಿನ ಒಂದು ರೊಟ್ಟಿಯನ್ನು ಒಯ್ದು ಆರು ಸಮಪಾಲು ಮಾಡಿದೆ. ಅರ್ಧವೆಂದರೆ ಮೂರು ತುಂಡು, ಮೂರನೆಯ ಒಂದು ಪಾಲೆಂದರೆ ಎರಡು ತುಂಡು, ಒಟ್ಟು 5/6. "ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾದೀತೇ? 2/5 ಅರ್ಧಕ್ಕಿಂತ ಕಡಿಮೆಯಲ್ಲವೇ?" ಎಂದು ಕೇಳಿದಾಗ ಮಕ್ಕಳ ಕಣ್ಣು ಅರಳಿದವು. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಯ ಅಧ್ಯಾಯವನ್ನು 'ಕಲಾಸವರ್ಣ' ಎಂದು ಕರೆದಿದ್ದಾರೆ. ಪಾಲುಗಳನ್ನು ಒಂದೇ ಬಗೆಗೆ ತರುವುದು ಎಂಬ ಅದರ ಅರ್ಥ ನನಗೆ ಮನದಟ್ಟಾದದ್ದು ಆ ಆರು ತುಂಡುಗಳಿಂದ.

ಆದರೆ "ನಿನ್ನೆ ತಪ್ಪು ನನ್ನದಪ್ಪಾ" ಎಂಬ ಒಂದು ಮಾತನ್ನು ಅವನಿಗೆ ಹೇಳಲಿಲ್ಲ. ಮೇಷ್ಟರೆಂಬ ಬಿಗುಮಾನ ಅಡ್ಡ ಬಂತು. ಅವನು ತನ್ನ ಪಾಲಿನ ರೊಟ್ಟಿ ತಿಂದ. ಆ ವರ್ಷವಿಡೀ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ನನ್ನ ರೊಟ್ಟಿಯ ಪಾಠವನ್ನು ನೆನೆದು ನಗುವ ಶಿಷ್ಯಮಿತ್ರರೇ, ಅದರ ಮೂಲಕಥೆ ಇದು. ನಿಮ್ಮ ಮಕ್ಕಳ ಲೆಕ್ಕ ತಪ್ಪಿದಾಗ ಕೆಂಪು ಗೆರೆ ಎಳೆಯುವ ಮೊದಲು "ಹೇಗೆ ಮಾಡಿದೆ, ಹೇಳು ನೋಡೋಣ" ಎನ್ನಿ. ಆ ಹುಡುಗ ಎಲ್ಲಿದ್ದರೂ ಇದನ್ನು ಓದಲಿ ಎಂಬುದು ನನ್ನ ಆಸೆ. ತಪ್ಪು ನನ್ನದಪ್ಪಾ.