ಗಂಟಿಗೊಂದು ಹೆಸರು

ನಮ್ಮ ಅಮ್ಮನ ವೈದ್ಯಶಾಸ್ತ್ರದಲ್ಲಿ ಚರ್ಮದ ಕಾಯಿಲೆಗಳು ಮೂರೇ. ತುರಿಸಿದರೆ ನಂಜು, ನೋವಾದರೆ ಕುರು, ಎರಡೂ ಇಲ್ಲದಿದ್ದರೆ ಉಷ್ಣ. ಹಾಗಾಗಿ 2019ರ ಬೇಸಿಗೆಯಲ್ಲಿ ಅಕ್ಕನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ, ತುರುಬಿಗಿಂತ ತುಸು ಮೇಲೆ ಹುಣಿಸೆಬೀಜದಷ್ಟು ಗಟ್ಟಿ ಗಂಟೊಂದು ಬೆರಳಿಗೆ ಸಿಕ್ಕಾಗ, ಇಬ್ಬರೂ ಒಟ್ಟಿಗೇ "ಉಷ್ಣ" ಎಂದೆವು. ನೋವಿಲ್ಲ, ತುರಿಕೆಯಿಲ್ಲ. ಕೂದಲು ಸರಿಸಿ ನೋಡಿದರೆ ನೇರಳೆ ಬೆರೆತ ಕೆಂಪು. ಎಳನೀರು, ಮಜ್ಜಿಗೆ, ಲೋಳೆಸರ ಎಲ್ಲ ಆಯಿತು. ಮಳೆಗಾಲ ಬಂದು ಸೆಕೆ ಹೋಯಿತು, ಗಂಟು ಹೋಗಲಿಲ್ಲ. ಪಕ್ಕದಲ್ಲೇ ಇನ್ನೊಂದು ಹುಟ್ಟಿತು.

ಊರಿನ ಚರ್ಮದ ಡಾಕ್ಟರು ಮಾತ್ರೆ ಕೊಟ್ಟರು, ಮುಲಾಮು ಕೊಟ್ಟರು. ಕೊನೆಗೆ ಮೇಲಿನಿಂದ ತೆಳುವಾಗಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಿಶೇಷವೇನೂ ಇಲ್ಲವೆಂದು ವರದಿ ಬಂತು. ಆ ಸಂಜೆ ಭಾವ ಒಂದು ಕಿಲೋ ಮೈಸೂರುಪಾಕು ತಂದರು. ಈ ಜಾತಿಯ ಕಾಯಿಲೆ ಸಾಮಾನ್ಯವಾಗಿ ಚರ್ಮದ ಮೇಲ್ಪದರವನ್ನು ಮುಟ್ಟದೆ, ನಡುವೆ ತೆಳ್ಳನೆಯ ಖಾಲಿ ಪಟ್ಟಿಯೊಂದನ್ನು ಬಿಟ್ಟು, ಆಳದಲ್ಲಿ ಗುಂಪುಗೂಡುತ್ತದೆ ಎಂಬುದು ನಮಗೇನು ಗೊತ್ತು! ಕೆನೆ ತೆಗೆದು ನೋಡಿ, ಹಾಲು ತಳ ಹಿಡಿದಿಲ್ಲ ಎಂದಂತಾಗಿತ್ತು.

ಎರಡನೆಯ ಸಲ ಆಳವಾಗಿ ತೆಗೆದರು. ಈ ಬಾರಿಯ ಕಾಗದದಲ್ಲಿ 'ದೊಡ್ಡ ಜೀವಕೋಶಗಳ ಬಿ-ಸೆಲ್ ಲಿಂಫೋಮಾ' ಎಂದಿತ್ತು. ಸೋಂಕಿನ ವಿರುದ್ಧ ಕಾದಾಡುವ ಬಿಳಿ ರಕ್ತಕಣಗಳಲ್ಲಿ 'ಬಿ' ಎಂಬುದೊಂದು ಪಂಗಡ. ಕಾವಲುಗಾರರೇ ಹದ್ದು ಮೀರಿ ಬೆಳೆದರೆ ಈ ಕ್ಯಾನ್ಸರ್. ಹೆಚ್ಚಾಗಿ ಕುತ್ತಿಗೆ, ಕಂಕುಳಿನ ಗ್ರಂಥಿಗಳಲ್ಲಿ ಕಾಣಿಸಿಕೊಳ್ಳುವ ಇದು ಅಪರೂಪಕ್ಕೆ ಚರ್ಮದಲ್ಲೇ ಹುಟ್ಟುತ್ತದಂತೆ. ನಾವು ಹೋದ ಆಸ್ಪತ್ರೆಯಲ್ಲಿ ಆರು ಸುತ್ತು ಕೀಮೋಥೆರಪಿ ಎಂದು ದಿನವನ್ನೂ ಗೊತ್ತುಮಾಡಿದರು. ಆ ರಾತ್ರಿ ಅಕ್ಕ ಕನ್ನಡಿಯ ಮುಂದೆ ಜಡೆ ಬಿಚ್ಚಿ ನಿಂತಿದ್ದಳು. "ಮೊಗ್ಗಿನ ಜಡೆ ಹಾಕುವಾಗ ಅಮ್ಮ ಬೈಯುತ್ತಿದ್ದದ್ದು ನೆನಪಿದೆಯೇನೇ? ಇವಳ ಕೂದಲಿಗೆ ಎಷ್ಟು ಮೊಗ್ಗು ತಂದರೂ ಸಾಲದು ಅಂತ." ನಾನು ಹಾಸಿಗೆ ಹಾಸುವ ನೆಪದಲ್ಲಿ ಮುಖ ತಿರುಗಿಸಿದೆ.

ಇನ್ನೊಬ್ಬರಿಗೆ ತೋರಿಸಲೇಬೇಕೆಂದು ಹಠ ಹಿಡಿದವಳು ಅಕ್ಕನ ಮಗಳು. ಗಾಜಿನ ಪಟ್ಟಿಗಳನ್ನೂ, ಅಕ್ಕನ ಚರ್ಮದ ಚೂರನ್ನು ಹುದುಗಿಸಿಟ್ಟ ಮೇಣದ ಅಚ್ಚನ್ನೂ ಕೇಳಿ ಪಡೆದು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ಸವೆದ ಸೋಪಿನ ಬಿಲ್ಲೆಯಷ್ಟಿತ್ತು ಆ ಅಚ್ಚು. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ರೋಗಿಗಳು ಡಾಕ್ಟರನ್ನು ನೋಡುತ್ತಾರೆ, ಆದರೆ ಕಾಯಿಲೆಗೆ ಹೆಸರಿಡುವ ಪೆಥಾಲಜಿಸ್ಟರನ್ನು ನೋಡುವುದೇ ಇಲ್ಲ. ಅದೃಷ್ಟಕ್ಕೆ ನಮಗೆ ಸಿಕ್ಕ ಹೆಣ್ಣುಮಗಳು ಒಳಗೆ ಕರೆದು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಲು ಹೇಳಿದರು. ಗುಲಾಬಿ ನೆಲದ ಮೇಲೆ ನೇರಳೆ ರಂಗೋಲಿ ಪುಡಿ ಚೆಲ್ಲಿದಂತಿತ್ತು.

"ಮೊದಲಿನವರು ಕಂಡದ್ದು ಸುಳ್ಳಲ್ಲಮ್ಮ. ಜೀವಕೋಶಗಳು ದೊಡ್ಡವೇ. ಆದರೆ ಚರ್ಮದಲ್ಲಿ ಗಾತ್ರವೊಂದನ್ನೇ ನೋಡಿ ಹೆಸರಿಟ್ಟರೆ ತಪ್ಪಾಗುತ್ತೆ" ಎಂದರು.

ಚರ್ಮದ ಬಿ-ಸೆಲ್ ಲಿಂಫೋಮಾಗಳಲ್ಲಿ ಮುಖ್ಯವಾದವು ಮೂರು. 'ಮಾರ್ಜಿನಲ್ ಝೋನ್' ಎಂಬುದು ಮೈಕೈಯ ಮೇಲೆ ಬರುವ ಅತ್ಯಂತ ಸಾಧು ಬಗೆ. 'ಫಾಲಿಕಲ್ ಸೆಂಟರ್' ತಲೆ, ಬೆನ್ನುಗಳಲ್ಲಿ ಹೆಚ್ಚು. ಇದೂ ನಿಧಾನದ್ದು, ನೂರರಲ್ಲಿ ಸುಮಾರು 95 ಮಂದಿಯನ್ನು ಐದು ವರ್ಷದೊಳಗೆ ಏನೂ ಮಾಡದು. ಮೂರನೆಯದು 'ಲೆಗ್ ಟೈಪ್'. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಮೊಣಕಾಲ ಕೆಳಗೆ ಹೆಚ್ಚು. ಐದು ವರ್ಷ ದಾಟುವವರು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಅದು ಒಮ್ಮೊಮ್ಮೆ ಬೇರೆ ಜಾಗದಲ್ಲೂ ಬರುವುದರಿಂದ ಜಾಗ ನೋಡಿ ತೀರ್ಮಾನಿಸುವಂತಿಲ್ಲ. ಎರಡನೆಯದರಲ್ಲೂ ದೊಡ್ಡ ಕೋಶಗಳಿರಬಹುದಾದ್ದರಿಂದ ಗಾತ್ರವನ್ನೂ ನಂಬುವಂತಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಮೇಣದ ಅಚ್ಚಿನಿಂದ ಹೊಸ ಪದರಗಳನ್ನು ಕೊಯ್ದು ಒಂದೊಂದು ಬಣ್ಣ ಹಾಕಿದರು. ಬಿಸಿಎಲ್-6 ಕಂದಾಯಿತು. ಲೆಗ್ ಟೈಪ್‌ನಲ್ಲಿ ಸಾಮಾನ್ಯವಾಗಿ ಗಾಢವಾಗಿ ಹತ್ತುವ ಬಿಸಿಎಲ್-2, ಎಂಯುಎಂ-1 ಎರಡೂ ಹತ್ತಲಿಲ್ಲ. ಒಳಗೆಲ್ಲಾದರೂ ಹುಟ್ಟಿ ಚರ್ಮಕ್ಕೆ ಬಂದಿದೆಯೇ ಎಂದು ಇಡೀ ಮೈಯ ಸ್ಕ್ಯಾನ್, ಮೂಳೆಯ ಮಜ್ಜೆ ನೋಡಿದರು. ಎಲ್ಲೂ ಇರಲಿಲ್ಲ. ಅಕ್ಕನದು ಫಾಲಿಕಲ್ ಸೆಂಟರ್. ಕೀಮೋ ಬೇಡ, ಗಂಟಿದ್ದ ಜಾಗಕ್ಕೆ ಮಾತ್ರ ಮೂರು ವಾರ ವಿಕಿರಣ ಸಾಕು.

ಈ ವಿಂಗಡಣೆ ಬಹಳ ಹಳೆಯದೇನಲ್ಲ. ಯುರೋಪಿನ ತಜ್ಞರು 1997ರಲ್ಲಿ ಒಂದು ಪಟ್ಟಿ ಮಾಡಿದರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಅದೂ ಒಂದಾದವು, 2018ರಲ್ಲಿ ಮತ್ತೆ ತಿದ್ದಿದರು. 2022ರಲ್ಲಿ ತಜ್ಞರ ಒಂದು ಗುಂಪು ಮಾರ್ಜಿನಲ್ ಝೋನ್ ಬಗೆಯ ಹೆಸರಿನಿಂದ 'ಲಿಂಫೋಮಾ' ಎಂಬ ಮಾತನ್ನೇ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಹಾಗೇ ಉಳಿಯಿತು. ಪಂಡಿತರ ವಾದ ಅವರಿಗಿರಲಿ, ಒಂದು ಪದ ಕಡಿಮೆಯಾದರೆ ಯಾವುದೋ ಮನೆಯಲ್ಲಿ ಒಬ್ಬಳು ಕನ್ನಡಿಯ ಮುಂದೆ ಜಡೆ ಬಿಚ್ಚಿ ನಿಲ್ಲುವುದು ತಪ್ಪುತ್ತದೆ ಎಂದು ನನಗೆ ಗೊತ್ತು.

2023ರಲ್ಲಿ ಅಕ್ಕನ ಹಣೆಯ ಅಂಚಿನಲ್ಲಿ ಮತ್ತೊಂದು ಸಣ್ಣ ಗಂಟೆದ್ದಿತು. ಮರುಕಳಿಸಬಹುದು, ಆದರೆ ಹೆಚ್ಚಾಗಿ ಚರ್ಮದಲ್ಲೇ ಎಂದು ಮೊದಲೇ ಹೇಳಿದ್ದರು. ಮತ್ತೆ ಪರೀಕ್ಷೆ, ಮತ್ತೆ ಅದೇ ಹೆಸರು. ಈ ಸಲ ಅಕ್ಕ, "ಹಳೇ ನೆಂಟರು ಬಂದಿದ್ದಾರೆ, ಉಪಚಾರ ಮಾಡಿ ಕಳಿಸೋಣ" ಎಂದಳು.

ವಿಕಿರಣ ತಾಗಿದ ಕಡೆ ಅಂಗೈಯಗಲ ಕೂದಲಿಲ್ಲ. ಅದನ್ನು ಮುಚ್ಚುವಂತೆ ತುರುಬು ಕಟ್ಟುವುದನ್ನು ಅವಳು ಕಲಿತಿದ್ದಾಳೆ. ಶನಿವಾರದ ಎಣ್ಣೆ ಮಾತ್ರ ನನ್ನ ಕೈಯಲ್ಲೇ ಆಗಬೇಕು. ಬೆರಳು ಎಲ್ಲಾದರೂ ಒಂದು ಗಳಿಗೆ ನಿಂತರೆ, "ಏನೇ?" ಎಂದು ಕೇಳುತ್ತಾಳೆ. "ಏನಿಲ್ಲ ಕಣೇ, ಸಿಕ್ಕು" ಎನ್ನುತ್ತೇನೆ. ಹೆಚ್ಚಿನ ಸಲ ಅದು ಸಿಕ್ಕೇ ಆಗಿರುತ್ತದೆ.