ಮೋಡದ ಬಾಡಿಗೆ



ನಮ್ಮ ಸದರ್ನ್ ಅವೆನ್ಯೂಗೆ ಡಾ. ಮೇಘನಾದ ಸಾಹಾ ಸರಣಿ ಎಂಬ ಹೆಸರೂ ಇದೆ. ಮೇಘನಾದರ ಹೆಸರಿನ ರಸ್ತೆಯಲ್ಲೇ ಸಂಸಾರ ಹೂಡಿದ್ದರೂ, ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ಮೋಡವೆಂದರೆ ವರ್ಡ್ಸ್‌ವರ್ತನ ಮೋಡ ಅಷ್ಟೆ. ಮೋಡಕ್ಕೂ ತಿಂಗಳ ಬಾಡಿಗೆ ಉಂಟೆಂದು ಕಲಿಸಿದವನು ನನ್ನ ಮಗ.

ಅವನು ಗೆಳೆಯನ ಜೊತೆ ಸಣ್ಣ ವ್ಯಾಪಾರ ಶುರುಮಾಡಿದ. ದುರ್ಗಾಪೂಜೆಗೆ ತಿಂಡಿಯ ಬುಟ್ಟಿಗಳನ್ನು ಮನೆಯಿಂದಲೇ ಫೋನಿನಲ್ಲಿ ಆರ್ಡರ್ ಮಾಡುವ ವ್ಯವಸ್ಥೆ. ಬಂಡವಾಳಕ್ಕೆ ನನ್ನ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟೆವು. ಪೂಜೆಯಲ್ಲಿ ಮಾರಾಟ ಚೆನ್ನಾಗಿಯೇ ಆಯಿತು. ಮರುತಿಂಗಳು ಒಂದು ರಾತ್ರಿ ಅವನು ಊಟಕ್ಕೆ ಏಳಲಿಲ್ಲ. ಕ್ಲೌಡ್ ಕಂಪನಿಯ ಬಿಲ್ಲು ಬಂದಿತ್ತು. ಆ ತಿಂಗಳ ಮಾರಾಟಕ್ಕಿಂತ ಬಿಲ್ಲೇ ದೊಡ್ಡದು. ಹಬ್ಬದ ನೂಕುನುಗ್ಗಲಿಗೆಂದು ಪಡೆದ ದೊಡ್ಡ ಸರ್ವರುಗಳನ್ನು ಹುಡುಗರು ನಿಲ್ಲಿಸಲು ಮರೆತಿದ್ದರು.

ಕ್ಲೌಡ್ ಎಂದರೆ ಆಕಾಶದಲ್ಲಿರುವುದಲ್ಲ. ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ ಬೇರೆಯವರ ಕಂಪ್ಯೂಟರುಗಳಿರುತ್ತವೆ. ಬೇಕಾದಷ್ಟನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದು. ಅಮೆಜಾನ್ ಈ ವ್ಯವಹಾರವನ್ನು 2006ರಲ್ಲಿ ಆರಂಭಿಸಿತು. 2016ರಲ್ಲಿ ಮುಂಬೈಗೂ ತಂದಿತು. ನಮ್ಮ ಪೂಜೆಯ ಪೆಂಡಾಲನ್ನೇ ನೋಡಿ. ಐದು ದಿನಕ್ಕೆಂದು ಯಾರೂ ಕಲ್ಲಿನ ಮಂಟಪ ಕಟ್ಟಿಸುವುದಿಲ್ಲ, ಬಿದಿರು, ಬಟ್ಟೆ, ಕುರ್ಚಿ ಬಾಡಿಗೆಗೆ ತರುತ್ತಾರೆ. ಆದರೆ ವಿಜಯದಶಮಿ ಕಳೆದ ಮೇಲೂ ಕುರ್ಚಿ ಹಿಂದಿರುಗಿಸದಿದ್ದರೆ? ನನ್ನ ಮಗನ ತಪ್ಪು ಅಷ್ಟೇ.

ಬೇಸರದಲ್ಲಿ ಅವನು, "ಅಮ್ಮಾ, ಈ ಸಹವಾಸವೇ ಬೇಡ. ಸ್ವಂತ ಕಂಪ್ಯೂಟರ್ ಕೊಂಡು ಮನೆಯಲ್ಲೇ ಇಡೋಣ" ಎಂದ. "2020ರ ಮೇ 20 ಮರೆತೆಯಾ ಮರಿ?" ಎಂದೆ. ಅಂದು ಆಂಫಾನ್ ಚಂಡಮಾರುತಕ್ಕೆ ರವೀಂದ್ರ ಸರೋವರದ ಮರಗಳು ಉರುಳಿದವು. ದಕ್ಷಿಣ ಕೋಲ್ಕತ್ತದ ಎಷ್ಟೋ ಮನೆಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ಲೆಕ್ಕಪತ್ರವೆಲ್ಲ ಮನೆಯ ಒಂದೇ ಕಂಪ್ಯೂಟರಿನಲ್ಲಿದ್ದರೆ ಅಂಥ ದಿನ ಗತಿಯೇನು? ಸ್ವಂತದ್ದಕ್ಕೆ ಕೊಂಡ ಬೆಲೆಯೊಂದೇ ಅಲ್ಲ. ಕರೆಂಟು, ಏಸಿ, ರಿಪೇರಿ, ನೋಡಿಕೊಳ್ಳುವವನ ಸಂಬಳವೂ ಸೇರುತ್ತದೆ.

ಆಮೇಲೆ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ವಿಳಾಸ, ಸಾಮಾನಿನ ಪಟ್ಟಿ ತೋರಿಸಿದರೆ ಸಾಕೆನ್ನುವ ಅಂಗಡಿಗೆ ನಿಗದಿತ ದರದ ಸಾಧಾರಣ ಹೋಸ್ಟಿಂಗೇ ಸಾಕು. ಹಬ್ಬಕ್ಕೆ ಏರಿ ಆಮೇಲೆ ಇಳಿಯುವ ವ್ಯಾಪಾರಕ್ಕೆ ಕ್ಲೌಡ್ ವರವೇ ಸರಿ, ಇಳಿದಾಗ ಇಳಿಸಲು ನೆನಪಿದ್ದರೆ. ವರ್ಷವಿಡೀ ಒಂದೇ ಸಮನೆ ಕೆಲಸವಿರುವವರು ಒಂದು ಅಥವಾ ಮೂರು ವರ್ಷಕ್ಕೆ ಒಪ್ಪಂದ ಮಾಡಿಕೊಂಡರೆ ದರ ಇಳಿಯುತ್ತದೆ. ಮಾಹಿತಿಯನ್ನು ಹೊರಗೆ ಸಾಗಿಸಲೂ ಶುಲ್ಕವಿದೆ. ಅದನ್ನು ಮೊದಲೇ ಕೇಳಿಕೊಳ್ಳಿ.

ಬಹು ದೊಡ್ಡವರ ದಾರಿಯೂ ಒಂದೇ ಅಲ್ಲ. ನೆಟ್‌ಫ್ಲಿಕ್ಸ್ 2016ರ ಹೊತ್ತಿಗೆ ತನ್ನ ವ್ಯವಸ್ಥೆಯನ್ನು ಕ್ಲೌಡಿಗೆ ಸಾಗಿಸಿ ಮುಗಿಸಿತು. ಸುಮಾರು ಅದೇ ಸಮಯದಲ್ಲಿ ಡ್ರಾಪ್‌ಬಾಕ್ಸ್ ತನ್ನ ಹೆಚ್ಚಿನ ಸಂಗ್ರಹವನ್ನು ಅಮೆಜಾನಿನಿಂದ ಸ್ವಂತ ಯಂತ್ರಗಳಿಗೆ ತಂದು, ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿತು. ವ್ಯಾಪಾರ ಎಷ್ಟು ದೊಡ್ಡದು ಎಂಬುದಕ್ಕಿಂತ, ಕೆಲಸ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದೇ ಮುಖ್ಯ.

ಮಕ್ಕಳೇ, ನಿಮ್ಮಲ್ಲಿ ಹಲವರು ನಾಳೆ ಸ್ವಂತ ಉದ್ಯೋಗ ಹೂಡುವವರು. ನಾವು ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದುದನ್ನು ಕಂಡು ನೀವು ನಗುತ್ತಿದ್ದಿರಿ. ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ವಿಜಯದಶಮಿಯ ಮರುದಿನಕ್ಕೆ ಮಗನೇ ಕೆಂಪು ಶಾಯಿಯಲ್ಲಿ ಬರೆದಿದ್ದಾನೆ: "ಸರ್ವರ್ ನಿಲ್ಲಿಸು." ಬಳೆಗಳು ಇನ್ನೂ ಬ್ಯಾಂಕಿನಲ್ಲಿವೆ. ಮುಂದಿನ ಪೂಜೆಗೆ ಬಿಡಿಸಿಕೊಡುತ್ತೇನೆಂದು ಹೇಳಿದ್ದಾನೆ, ನನಗೆ ನಂಬಿಕೆಯಿದೆ.