ನಾಮಕ್ಕಲ್: ಮೊಟ್ಟೆಯ ಊರಿನಲ್ಲಿ ಕೋಳಿಗೆಷ್ಟು ಜಾಗ?

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳನ್ನು ಹಾದು ಸೇಲಂ ಮುಟ್ಟಿ, ಅಲ್ಲಿಂದ ದಕ್ಷಿಣಕ್ಕೆ ಇನ್ನೊಂದು ಗಂಟೆ ಸಾಗಿದರೆ ಸಿಗುವ ಊರು ನಾಮಕ್ಕಲ್. ಊರಿನ ನಡುವೆಯೇ 200 ಅಡಿಗೂ ಎತ್ತರದ ಒಂದೇ ಬಂಡೆ, ಅದರ ನೆತ್ತಿಯ ಮೇಲೊಂದು ಕೋಟೆ. ಬಂಡೆಯ ಬುಡದಲ್ಲಿ ಕಲ್ಲು ಕೊರೆದು ಮಾಡಿದ ನರಸಿಂಹನ ಗುಡಿ. ಅದಕ್ಕೆ ಎದುರಾಗಿ, ತಲೆಯ ಮೇಲೆ ಸೂರೇ ಇಲ್ಲದೆ, 18 ಅಡಿ ಎತ್ತರದ ಆಂಜನೇಯ ಕೈಮುಗಿದು ನಿಂತಿದ್ದಾನೆ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಮನೆದೇವತೆ ನಾಮಗಿರಿ ತಾಯಾರ್ ನೆಲೆಸಿರುವುದೂ ಇಲ್ಲಿಯೇ.

ದೇವರ ದರ್ಶನ ಮುಗಿಸಿ ಊರ ಹೊರಗೆ ಬಂದರೆ ಬೇರೆಯೇ ನೋಟ. ತೆಂಗು, ಮರಗೆಣಸಿನ ಹೊಲಗಳ ನಡುವೆ ರೈಲುಬೋಗಿಗಳನ್ನು ಸಾಲಾಗಿ ನಿಲ್ಲಿಸಿದಂತೆ ಉದ್ದುದ್ದ ಶೆಡ್ಡುಗಳು. ಗಾಳಿ ಬೀಸಿದ ಕಡೆಯಿಂದ ಹಿಕ್ಕೆಯ ಘಾಟು. ಮಳೆ ಕಡಿಮೆಯಾಗಿ ಬೇಸಾಯ ಕೈಕೊಟ್ಟ ಈ ಸೀಮೆಯ ಜನ ಹಿಡಿದ ಕಸುಬುಗಳು ಎರಡು: ಒಂದು ಲಾರಿ, ಇನ್ನೊಂದು ಕೋಳಿ. ಎರಡೂ ಒಂದಕ್ಕೊಂದು ಒದಗಿಬಂದವು. ಇಂದು ಇಲ್ಲಿಂದ ದಿನವೊಂದಕ್ಕೆ ಕೋಟಿಗಟ್ಟಲೆ ಮೊಟ್ಟೆಗಳು, ಮೂವತ್ತು ಮೂವತ್ತರ ಟ್ರೇಗಳಲ್ಲಿ ಪೇರಿಸಿಕೊಂಡು, ಕೇರಳಕ್ಕೆ, ಕರ್ನಾಟಕಕ್ಕೆ, ಕೊಲ್ಲಿ ದೇಶಗಳಿಗೂ ಹೊರಡುತ್ತವೆ. ನಮ್ಮ ಕಡೆಯ ಹೊಲಗಳ ಮುಸುಕಿನ ಜೋಳ ಲಾರಿಗಳಲ್ಲಿ ಇಲ್ಲಿಗೆ ಬರುತ್ತದೆ. ಕೋಳಿಯ ಹೊಟ್ಟೆ ಹೊಕ್ಕು, ಮೊಟ್ಟೆಯಾಗಿ ನಮ್ಮ ಬೀದಿಯ ಅಂಗಡಿಗೆ ಹಿಂದಿರುಗುತ್ತದೆ!

ಪಂಜರದ ಜಾಣ್ಮೆ

ಫಾರಂ ಒಂದರ ಒಳಗೆ ಕಾಲಿಡುವುದು ಅಷ್ಟು ಸುಲಭವಲ್ಲ. ರೋಗದ ಭಯದಿಂದ ಹೊರಗಿನವರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಬಿಟ್ಟರೂ ಬಾಗಿಲಲ್ಲೇ ಕ್ರಿಮಿನಾಶಕದ ನೀರಿನಲ್ಲಿ ಕಾಲದ್ದಿ ಬರಬೇಕು. ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಸಾಲುಸಾಲಾಗಿ ಆಡುವ ಕೆಂಪು ಜುಟ್ಟುಗಳು. ಕಿವಿಗೆ ಬೀಳುವುದು ಸಾವಿರಾರು ಕೋಳಿಗಳ ಒಂದೇ ಸಮನೆಯ ಕೊರಗುಟ್ಟುವಿಕೆ.

ತಂತಿಯ ಪಂಜರಗಳನ್ನು ಮೆಟ್ಟಿಲುಗಳಂತೆ ಒಂದರ ಮೇಲೊಂದು, ಸ್ವಲ್ಪ ಹಿಂದೆ ಸರಿಸಿ ಜೋಡಿಸಿರುತ್ತಾರೆ. ಮೇಲಿನ ಕೋಳಿಯ ಹಿಕ್ಕೆ ಕೆಳಗಿನದರ ಮೈಮೇಲೆ ಬೀಳದಿರಲಿ ಎಂದು ಈ ಉಪಾಯ. ಅನೇಕ ಕಡೆ ಇಡೀ ಶೆಡ್ಡನ್ನೇ ಕಂಬಗಳ ಮೇಲೆ ಎತ್ತರಿಸಿರುತ್ತಾರೆ. ಹಿಕ್ಕೆ ನೆಲಕ್ಕೆ ಬಿದ್ದು ಒಣಗಿ ಗೊಬ್ಬರವಾಗಿ ಮಾರಾಟವಾಗುತ್ತದೆ. ಬಿಸಿಲು ಒಳನುಗ್ಗದಂತೆ ಶೆಡ್ಡಿನ ಉದ್ದ ಪೂರ್ವ ಪಶ್ಚಿಮವಾಗಿರುತ್ತದೆ. ಗಾಳಿಗಾಗಿ ಎರಡೂ ಪಕ್ಕ ತೆರೆದಿರುತ್ತದೆ. ಪಂಜರದ ತಳ ಮುಂದಕ್ಕೆ ತುಸು ಇಳಿಜಾರು. ಇಟ್ಟ ಮೊಟ್ಟೆ ಕೋಳಿಯ ಕಾಲಿಗೆ ಸಿಗದೆ, ಮಲಿನವಾಗದೆ, ತಾನಾಗಿ ಉರುಳಿ ಮುಂದಿನ ತಂತಿ ದೋಣಿಗೆ ಬಂದು ನಿಲ್ಲುತ್ತದೆ. ಎದುರಿಗೇ ಮೇವಿನ ತೊಟ್ಟಿ, ಕೊಕ್ಕು ತಾಗಿಸಿದರೆ ಹನಿ ನೀರು ಬಿಡುವ ನಲ್ಲಿ.

ಇದನ್ನು ಬುದ್ಧಿವಂತಿಕೆಯ ವಿನ್ಯಾಸವಲ್ಲ ಎನ್ನುವಂತಿಲ್ಲ. ನೆಲದ ಮೇಲೆ ಸಾಕುವಾಗ ಹಿಕ್ಕೆಯ ಮೂಲಕ ಹರಡುತ್ತಿದ್ದ ಜಂತುಹುಳು, ರಕ್ತಭೇದಿಯಂಥ ರೋಗಗಳು ಪಂಜರ ಬಂದ ಮೇಲೆ ತಗ್ಗಿದವು. ಒಬ್ಬ ಆಳು ಸಾವಿರಾರು ಕೋಳಿಗಳನ್ನು ನೋಡಿಕೊಳ್ಳಬಲ್ಲ. ಮೊಟ್ಟೆ ಶುಚಿ, ಮೇವಿನ ಖರ್ಚು ಕಡಿಮೆ. ಬಡವರ ತಟ್ಟೆಗೂ ಮೊಟ್ಟೆ ನಿಲುಕುವಂತಾದದ್ದರಲ್ಲಿ ಈ ತಂತಿ ಪೆಟ್ಟಿಗೆಯ ಪಾಲು ದೊಡ್ಡದು. ತಮಿಳುನಾಡಿನ ಶಾಲೆಗಳ ಮಧ್ಯಾಹ್ನದ ಊಟದಲ್ಲಿ 1989ರಿಂದ ಮೊಟ್ಟೆ ಸೇರಿತು. ಕರ್ನಾಟಕದಲ್ಲಿ 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ, ಆಮೇಲೆ ರಾಜ್ಯದ ಉಳಿದ ಶಾಲೆಗಳಿಗೂ ಬಂತು. ಮಗುವಿನ ಕೈಗೆ ಬರುವ ಆ ಮೊಟ್ಟೆಯ ಬೆಲೆ ಒಂದು ರೂಪಾಯಿ ಏರಿದರೂ ಸರ್ಕಾರದ ಲೆಕ್ಕದಲ್ಲಿ ಅದು ಕೋಟಿಗಳ ಮಾತು.

ಆದರೆ ಒಂದು ವಿಷಯ ಗಮನಿಸಬೇಕು. ಪಂಜರದ ಪ್ರತಿಯೊಂದು ಅಂಗವೂ ಯಾವುದೋ ಒಂದು ಪ್ರಶ್ನೆಗೆ ಉತ್ತರ. ಮೊಟ್ಟೆ ಹೇಗೆ ಉರುಳಬೇಕು? ಹಿಕ್ಕೆ ಎಲ್ಲಿ ಬೀಳಬೇಕು? ಮೇವು ಹೇಗೆ ತಲುಪಬೇಕು? ಇವೆಲ್ಲ ಸಾಕುವವನ ಪ್ರಶ್ನೆಗಳು. ಒಳಗೆ ನಿಂತಿರುವ ಕೋಳಿಯ ಪ್ರಶ್ನೆ ಯಾವುದು?

ಒಂದು ಹಾಳೆಯ ಮೇಲೆ ಬದುಕು

ಕೋಳಿಗೆ ಸಿಗುವ ಜಾಗವನ್ನು ಅರಿಯಲು ವಿದ್ಯಾರ್ಥಿಗಳು ನಾಮಕ್ಕಲ್ಲಿಗೆ ಹೋಗಬೇಕಾಗಿಲ್ಲ. ಜೆರಾಕ್ಸ್ ಅಂಗಡಿಯ ಒಂದು ಎ-4 ಹಾಳೆ ಸಾಕು. ಅದರ ಅಗಲ 21 ಸೆಂ.ಮೀ., ಉದ್ದ 29.7 ಸೆಂ.ಮೀ.; ಗುಣಿಸಿದರೆ ಸುಮಾರು 624 ಚದರ ಸೆಂ.ಮೀ. ನಮ್ಮ ದೇಶದ ಪಂಜರಗಳಲ್ಲಿ ಒಂದು ಕೋಳಿಯ ಪಾಲಿಗೆ ಬರುತ್ತಿದ್ದ ಜಾಗ ಸಾಮಾನ್ಯವಾಗಿ 450 ಚದರ ಸೆಂ.ಮೀ. ಅಥವಾ ಅದಕ್ಕೂ ಕಡಿಮೆ. ಅಂದರೆ ಆ ಹಾಳೆಯಲ್ಲಿ ಕಾಲುಭಾಗಕ್ಕೂ ಹೆಚ್ಚನ್ನು ಮಡಿಸಿ, ಉಳಿದದ್ದರ ಮೇಲೆ ಒಂದು ಕೋಳಿ ನಿಲ್ಲಬೇಕು. ಸುಮಾರು ನಾಲ್ಕು ತಿಂಗಳ ಪ್ರಾಯಕ್ಕೆ ಒಳಹೊಕ್ಕ ಹೇಟೆ, ಒಂದು ವರ್ಷಕ್ಕೂ ಮಿಕ್ಕಿ ಅಲ್ಲೇ ಇದ್ದು, ಮೊಟ್ಟೆ ಇಳಿಮುಖವಾದ ದಿನ ಮಾಂಸದ ಅಂಗಡಿಗೆ ಹೊರಡುತ್ತದೆ.

ಹೀಗೆ ನಿಂತಲ್ಲೇ ನಿಂತ ದೇಹದ ಮೇಲೆ ಪರಿಣಾಮ ಆಗದಿರುತ್ತದೆಯೇ? ಸಾಕು ಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹನ್ನೆರಡು ಮೊಟ್ಟೆ. ಫಾರಮ್ಮಿನ ಹೇಟೆ ಇಡುವುದು ಮುನ್ನೂರರ ಆಸುಪಾಸು. ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಿಕ್ಕಿದ್ದು ಸಾಲದಾದಾಗ ದೇಹ ಅದನ್ನು ಮೂಳೆಯಿಂದ ಎಳೆದು ಕೊಡುತ್ತದೆ. ನಡೆದಾಡಿ, ಹಾರಿ, ಕೊಂಬೆ ಹತ್ತುವ ಹಕ್ಕಿಯ ಮೂಳೆ ಗಟ್ಟಿಯಾಗುತ್ತದೆ. ಅಲುಗಾಡದ ಹಕ್ಕಿಯ ಮೂಳೆ ಟೊಳ್ಳಾಗುತ್ತದೆ. ಪಂಜರದಿಂದ ಹೊರಗೆ ತೆಗೆಯುವಾಗಲೇ ಕಾಲು, ರೆಕ್ಕೆ ಮುರಿಯುವುದುಂಟು.

ಕೋಳಿಯನ್ನೇ ಕೇಳಿದರು

ಈ ಪ್ರಶ್ನೆ ಮೊದಲು ಜೋರಾಗಿ ಕೇಳಿಬಂದದ್ದು ಪಂಜರಗಳು ನಮಗಿಂತ ಮೊದಲೇ ತುಂಬಿಹೋಗಿದ್ದ ಬ್ರಿಟನ್ನಿನಲ್ಲಿ. 1964ರಲ್ಲಿ ರೂತ್ ಹ್ಯಾರಿಸನ್ ಎಂಬ ಮಹಿಳೆ ಬರೆದ 'ಆನಿಮಲ್ ಮಷೀನ್ಸ್' ಎಂಬ ಪುಸ್ತಕ ದೊಡ್ಡ ಗದ್ದಲವೆಬ್ಬಿಸಿತು. ಸರ್ಕಾರ ಪ್ರಾಣಿಶಾಸ್ತ್ರಜ್ಞ ರೋಜರ್ಸ್ ಬ್ರಾಂಬೆಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1965ರಲ್ಲಿ ಸಮಿತಿ ಕೊಟ್ಟ ವರದಿಯ ತಿರುಳು ಸರಳವಾಗಿತ್ತು: ಸಾಕುಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೇವರಿಸಿಕೊಳ್ಳಲು, ಕೈಕಾಲು ಚಾಚಲು ಆಗುವಷ್ಟು ಸ್ವಾತಂತ್ರ್ಯ ಇರಬೇಕು.

ಅದೇ ಸಮಿತಿ ಪಂಜರದ ತಳಕ್ಕೆ ಸಣ್ಣ ತಂತಿಯ ಆರುಮೂಲೆ ಜಾಲರಿ ಬೇಡ, ಕಾಲಿಗೆ ನೋವಾದೀತು ಎಂದೂ ಹೇಳಿತ್ತು. ಮನುಷ್ಯರಿಗೆ ಹಾಗೆ ಅನ್ನಿಸುವುದು ಸಹಜ. ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ವಿಜ್ಞಾನಿಗಳು ಬೇರೆ ಬೇರೆ ಬಗೆಯ ತಳಗಳನ್ನಿಟ್ಟು, ಯಾವುದು ಬೇಕೆಂದು ಕೋಳಿಗೇ ಬಿಟ್ಟರು. 1973ರಲ್ಲಿ ಪ್ರಕಟವಾದ ಫಲಿತಾಂಶ ತಜ್ಞರನ್ನು ಬೆರಗುಗೊಳಿಸಿತು. ಸಮಿತಿ ಬೇಡವೆಂದ ಜಾಲರಿಯೇ ಕೋಳಿಗಳಿಗೆ ಮೆಚ್ಚಿಕೆ! ಸಣ್ಣ ಕಣ್ಣಿನ ಜಾಲರಿ ಪಾದಕ್ಕೆ ಹೆಚ್ಚು ಕಡೆ ಆಸರೆ ಕೊಡುತ್ತಿತ್ತು. ಕರುಣೆಯೊಂದೇ ಸಾಲದು, ಯಾರ ಮೇಲೆ ಕರುಣೆಯೋ ಅವರನ್ನೂ ಕೇಳಬೇಕು ಎಂಬ ಪಾಠವನ್ನು ಆ ಹೇಟೆಗಳು ಕಲಿಸಿದವು.

ಮುಂದೆ ಇಂಥ ಪರೀಕ್ಷೆಗಳು ಎಷ್ಟೋ ನಡೆದವು. ಮೊಟ್ಟೆಯಿಡುವ ಹೊತ್ತಿಗೆ ಮರೆಯಾದ ಗೂಡು ಸೇರಲು ಕೋಳಿ ಭಾರ ಹೇರಿದ ಬಾಗಿಲನ್ನೂ ದೂಡಿಕೊಂಡು ಹೋಗುತ್ತದೆ. ಹಳ್ಳಿಮನೆಯಲ್ಲಿ ಹುಲ್ಲಿನ ಮೆದೆಯ ಸಂದಿಯನ್ನೋ ಅಟ್ಟದ ಬುಟ್ಟಿಯನ್ನೋ ಹುಡುಕುವ ಹೇಟೆಯನ್ನು ಕಂಡ ಅಜ್ಜಿಯರಿಗೆ ಇದು ಹೊಸ ಮಾತಲ್ಲ. ಗೂಡು ಸಿಗದ ಪಂಜರದ ಕೋಳಿ ಮೊಟ್ಟೆಗೆ ಮುಂಚೆ ಅತ್ತಿಂದಿತ್ತ ಚಡಪಡಿಸುತ್ತದೆ. ಮಣ್ಣೇ ಇಲ್ಲದಿದ್ದರೂ ತಂತಿಯ ಮೇಲೆ ಕೂತು ಧೂಳಿನಲ್ಲಿ ಹೊರಳುವ ಅಭಿನಯ ಮಾಡುತ್ತದೆ. ಇನ್ನು ಜಾಗ? ಮರಿಯನ್ ಡಾಕಿನ್ಸ್ ಮತ್ತು ಅವರ ಸಹೋದ್ಯೋಗಿ 1989ರಲ್ಲಿ ಅಳೆದು ನೋಡಿದರು. ಸುಮ್ಮನೆ ನಿಲ್ಲಲು ಕೋಳಿಗೆ ಸರಾಸರಿ 475 ಚದರ ಸೆಂ.ಮೀ. ಬೇಕು; ತಿರುಗಲು 1,272; ರೆಕ್ಕೆ ಬಡಿಯಲು 1,876. ಹಾಳೆಯ ಲೆಕ್ಕದಲ್ಲಿ ಹೇಳುವುದಾದರೆ, ತಿರುಗಲು ಎರಡು ಹಾಳೆ, ರೆಕ್ಕೆ ಬಡಿಯಲು ಮೂರು. ಒಂದೇ ಪಂಜರದ ಕೋಳಿಗಳು ಒಂದರ ಜಾಗವನ್ನು ಇನ್ನೊಂದು ಎರವಲು ಪಡೆಯಬಹುದು ನಿಜ. ಆದರೆ ಎಲ್ಲರೂ ಸಾಲಗಾರರೇ ಆದಲ್ಲಿ ಕೊಡುವವರು ಯಾರು?

ಕಾಯಿದೆಯ ಅಳತೆಗೋಲು

ಇವುಗಳ ಆಧಾರದ ಮೇಲೆ ಯುರೋಪಿನ ದೇಶಗಳು ಹೆಜ್ಜೆಯಿಟ್ಟವು. ಸ್ವಿಟ್ಜರ್ಲೆಂಡ್ ಹತ್ತು ವರ್ಷಗಳ ಗಡುವು ಕೊಟ್ಟು 1991ರ ಕೊನೆಗೆ ಪಂಜರಗಳನ್ನೇ ತೆಗೆಸಿತು. ಯುರೋಪಿನ ಒಕ್ಕೂಟ 1999ರಲ್ಲಿ ನಿರ್ಧರಿಸಿ, 2012ರ ಜನವರಿ 1ರಿಂದ ಬರಿ ಪಂಜರವನ್ನು ನಿಷೇಧಿಸಿತು. ಪಂಜರ ಬೇಕೇಬೇಕೆನ್ನುವವರು ಕೋಳಿಯೊಂದಕ್ಕೆ 750 ಚದರ ಸೆಂ.ಮೀ. ಜಾಗ, ಮೊಟ್ಟೆಗೆ ಮರೆಯ ಗೂಡು, ಕೂರಲು ಕೋಲು, ಕೆದಕಲು ಹಾಸು ಕೊಡಬೇಕಾಯಿತು.

ಭಾರತದಲ್ಲೂ ಮಾತು ಹೊಸದಲ್ಲ. ಪ್ರಾಣಿಗೆ ಆಡಲು ತಕ್ಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಅದನ್ನು ಕೂಡಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಅಪರಾಧ. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಕೋಳಿಗಳ ಸಾಗಣೆ ಮತ್ತು ವಸತಿಗೇ ಮೀಸಲಿಟ್ಟಿತು. 2019ರ ಕರಡು ನಿಯಮಗಳಲ್ಲಿ ಕೋಳಿಯೊಂದಕ್ಕೆ ಕನಿಷ್ಠ 550 ಚದರ ಸೆಂ.ಮೀ. ಎಂಬ ಅಳತೆ ಕಾಣಿಸಿತು. 2023ರ ನಿಯಮಗಳಲ್ಲೂ ಅದೇ ಉಳಿಯಿತು. ಎ-4 ಹಾಳೆಯ ಉದ್ದದಲ್ಲಿ ಮೂರೂವರೆ ಸೆಂ.ಮೀ. ಮಡಿಸಿದರೆ ಸಿಗುವಷ್ಟು ಜಾಗ. ಹಿಂದಿನದಕ್ಕಿಂತ ಹೆಚ್ಚು, ಆದರೆ ಕೋಳಿ ತಿರುಗಲು ಬೇಕಾದುದರ ಅರ್ಧಕ್ಕಿಂತಲೂ ಕಡಿಮೆ.

ಇದರಲ್ಲಿ ಫಾರಂ ನಡೆಸುವವನನ್ನು ಖಳನಾಯಕನನ್ನಾಗಿ ಮಾಡುವುದು ಅನ್ಯಾಯ. ಶೆಡ್ಡು, ಪಂಜರಗಳಿಗೆ ಅವನು ಬ್ಯಾಂಕಿನಲ್ಲಿ ಸಾಲ ಮಾಡಿದ್ದಾನೆ. ಜೋಳ, ಸೋಯಾ ಹಿಂಡಿಯ ಬೆಲೆ ಅವನ ಕೈಯಲ್ಲಿಲ್ಲ. ಮೊಟ್ಟೆಯ ದರ ಬೆಳಗಾದರೆ ಊರಿಗೆಲ್ಲ ಒಂದೇ. ಅವನೊಬ್ಬನೇ ಮೂರು ಕೋಳಿಯ ಜಾಗದಲ್ಲಿ ಎರಡನ್ನು ಬಿಟ್ಟರೆ ನಷ್ಟ ಅವನದು. ಪಕ್ಕದ ಫಾರಮ್ಮಿನವನ ಮೊಟ್ಟೆ ಅದೇ ದರಕ್ಕೆ ಮಾರಾಟವಾಗುತ್ತದೆ. ಪಂಜರ ತೆಗೆದು ನೆಲಕ್ಕೆ ಬಿಟ್ಟರೆ ಒಂದನ್ನೊಂದು ಕುಕ್ಕುವ ಕಾಟ, ಹಿಕ್ಕೆಯ ರೋಗ, ಹಾಸಿನಲ್ಲಿ ಕಳೆದುಹೋಗುವ ಮೊಟ್ಟೆ, ಹೆಚ್ಚಿನ ಆಳು. ಇವೂ ಸುಳ್ಳಲ್ಲ. ಆದ್ದರಿಂದಲೇ ಈ ಕೆಲಸ ಒಬ್ಬೊಬ್ಬರ ಒಳ್ಳೆಯತನಕ್ಕೆ ಬಿಡುವಂಥದ್ದಲ್ಲ. ಎಲ್ಲರಿಗೂ ಒಂದೇ ನಿಯಮ, ಬದಲಾಯಿಸಿಕೊಳ್ಳಲು ಸಾಕಷ್ಟು ವರ್ಷ, ಜೊತೆಗೆ ಸಾಲದ ನೆರವು ಇದ್ದರೆ ಯಾರೂ ಒಬ್ಬಂಟಿಯಾಗಿ ಸೋಲಬೇಕಾಗಿಲ್ಲ. ಯುರೋಪು ಹನ್ನೆರಡು ವರ್ಷ ತೆಗೆದುಕೊಂಡದ್ದು ಈ ಕಾರಣಕ್ಕೇ.

ಮೊಟ್ಟೆಯನ್ನು ಕೊಳ್ಳುವವರಲ್ಲಿ ಅತಿ ದೊಡ್ಡವರು ಇಂದು ಶಾಲೆಗಳಿಗೆ ಉಣಬಡಿಸುವ ಸರ್ಕಾರಗಳು. ದೊಡ್ಡ ಗಿರಾಕಿ ಕೇಳಿದ್ದನ್ನು ಮಾರುಕಟ್ಟೆ ಕಿವಿಗೊಟ್ಟು ಕೇಳುತ್ತದೆ. ಮಗುವಿನ ತಟ್ಟೆಯಿಂದ ಮೊಟ್ಟೆ ಕಸಿಯದೆ, ಕೋಳಿಗೆ ಒಂದು ಗೂಡು, ಒಂದು ಕೋಲು, ತಿರುಗಲು ಇನ್ನೊಂದು ಹಾಳೆಯಷ್ಟು ಜಾಗ ಕೊಡಲು ಎಷ್ಟು ಪೈಸೆ ಹೆಚ್ಚಾದೀತು, ಆ ಪೈಸೆಯನ್ನು ಯಾರು ಹೊರಬೇಕು? ಲೆಕ್ಕ ಕಷ್ಟದ್ದೇನಲ್ಲ. ಶಾಲೆಯ ಹುಡುಗ ಹುಡುಗಿಯರೇ ಮಾಡಬಹುದಾದ ಗುಣಾಕಾರ, ಭಾಗಾಕಾರ. ಅದನ್ನು ಮಾಡಿ ತೋರಿಸಿ, ಹಿರಿಯರನ್ನು ಉತ್ತರ ಕೇಳುವ ಹಕ್ಕು, ಆ ಮೊಟ್ಟೆ ತಿನ್ನುವ ಅವರಿಗಿಂತ ಹೆಚ್ಚಾಗಿ ಬೇರೆ ಯಾರಿಗಿದೆ?